ವಾದ ಗೆದ್ದರೆ ಸಾಲದು, ದಿನಾಂಕ ನಿಗದಿಯಾಗಬೇಕು: ಮೆಟ್ರಿಕ್ ಅಳತೆಗಾಗಿ ನಡೆದ ಪ್ರಯತ್ನಗಳಿಂದ ಕಲಿಯಬೇಕಾದದ್ದು

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಮಾನ್ಯ ಅಧ್ಯಕ್ಷರೇ, ಸಭಿಕರೇ,

ಮೆಟ್ರಿಕ್ ಪದ್ಧತಿ ಒಳ್ಳೆಯದೋ ಅಲ್ಲವೋ ಎಂಬ ಚರ್ಚೆಗೆ ನಾನು ಇಂದು ಕೈಹಾಕುವುದಿಲ್ಲ. ಆ ವಾದ ಗೆದ್ದು ನೂರು ವರ್ಷಕ್ಕೂ ಹೆಚ್ಚು ಕಾಲವಾಗಿದೆ. ಆದರೂ ಅದನ್ನು ಒಪ್ಪಿಕೊಂಡ ಕೆಲವು ದೇಶಗಳು ಹಳೆಯ ಅಳತೆಗಳನ್ನು ಬಿಡಲಿಲ್ಲ. ಒಂದೇ ಬಗೆಯ ಪುರಾವೆ, ಒಂದೇ ಬಗೆಯ ಕೋಷ್ಟಕ, ಹೆಚ್ಚುಕಡಿಮೆ ಒಂದೇ ಬಗೆಯ ಕರಪತ್ರಗಳನ್ನು ಹಿಡಿದು ಹೊರಟ ಎರಡು ಪ್ರಯತ್ನಗಳಲ್ಲಿ ಭಾರತದ್ದು ಫಲಿಸಿತು, ಅಮೆರಿಕದ್ದು ಒಂದೂವರೆ ಶತಮಾನ ಕಳೆದರೂ ಅರ್ಧಕ್ಕೆ ನಿಂತಿದೆ. ಈ ವ್ಯತ್ಯಾಸಕ್ಕೆ ಜನರ ಬುದ್ಧಿವಂತಿಕೆಯಾಗಲಿ ಸಂಪ್ರದಾಯಪ್ರೀತಿಯಾಗಲಿ ಮುಖ್ಯ ಕಾರಣವಲ್ಲ, ಆಗ್ರಹವನ್ನು ಯಾರ ಮುಂದೆ ಯಾವ ರೂಪದಲ್ಲಿ ಇಟ್ಟರು ಎಂಬುದೇ ಕಾರಣ ಎನ್ನುವುದು ನನ್ನ ಅಭಿಪ್ರಾಯ.

ಮೊದಲು ನಮ್ಮ ದೇಶದ ವಿಚಾರ. ಭಾರತದಲ್ಲಿ ಮೆಟ್ರಿಕ್ ತೂಕ ಸ್ವಾತಂತ್ರ್ಯಾನಂತರದ ಕಲ್ಪನೆ ಎಂದು ಹಲವರು ತಿಳಿದಿದ್ದಾರೆ. ವಾಸ್ತವದಲ್ಲಿ ಲಾರ್ಡ್ ಮೇಯೋ ವೈಸರಾಯ್ ಆಗಿದ್ದ 1870 ಮತ್ತು 1871ರಲ್ಲಿಯೇ, ಸೇರು ಎಂದರೆ ಒಂದು ಕಿಲೋಗ್ರಾಂ ಎಂದು ಗೊತ್ತುಮಾಡುವ ಕಾನೂನುಗಳು ರೂಪುಗೊಂಡಿದ್ದವು. ಜನರಿಗೆ ಪರಿಚಿತವಾದ ಹೆಸರನ್ನೇ ಉಳಿಸಿಕೊಂಡು ಒಳಗಿನ ತೂಕವನ್ನು ಮಾತ್ರ ಬದಲಿಸುವ ಆ ಯೋಜನೆ ಜಾಣತನದ್ದಾಗಿತ್ತು. ಆದರೆ ಕಾನೂನು ಕಡತದಲ್ಲಿಯೇ ಉಳಿಯಿತು. ಮುಂದೆ ಬಂದ ಆಡಳಿತಗಾರರು ಅದನ್ನು ಜಾರಿಗೆ ತರುವ ಗೋಜಿಗೆ ಹೋಗಲಿಲ್ಲ, ತರಲೇಬೇಕೆಂದು ಕೇಳುವವರೂ ದೇಶದಲ್ಲಿ ಸಂಘಟಿತರಾಗಿರಲಿಲ್ಲ. ಬ್ರಿಟಿಷರ ಕೊನೆಯ ಕಾಲದಲ್ಲಿ, 1939ರಲ್ಲಿ ಬಂದ ತೂಕಗಳ ಕಾಯ್ದೆ 180 ಗ್ರೇನಿನ ತೊಲ, 80 ತೊಲದ ಸೇರು, 40 ಸೇರಿನ ಮಣ ಎಂದು ಹಳೆಯದನ್ನೇ ಕ್ರಮಬದ್ಧಗೊಳಿಸಿತು.

ಕೇಳುವವರು ಒಟ್ಟುಗೂಡಿದ್ದು 1930ರಲ್ಲಿ. ಫಣೀಂದ್ರನಾಥ ಸೇಠ್ ಮೊದಲಾದವರು ಆ ವರ್ಷ ಇಂಡಿಯನ್ ಡೆಸಿಮಲ್ ಸೊಸೈಟಿಯನ್ನು ಸ್ಥಾಪಿಸಿದರು. ಅದು ಜನಸಾಗರವನ್ನು ಬೀದಿಗೆ ತಂದ ಸಂಸ್ಥೆಯಲ್ಲ. ಅಂದಿನ ಭಾರತದಲ್ಲಿ ಬೀದಿಗಿಳಿಯಲು ಬೇರೆ ದೊಡ್ಡ ಕಾರಣಗಳಿದ್ದವು. ತೂಕದ ಕಲ್ಲಿಗಾಗಿ ಯಾರೂ ಜೈಲಿಗೆ ಹೋಗುತ್ತಿರಲಿಲ್ಲ. ಆದರೆ ಸಂಖ್ಯಾಶಾಸ್ತ್ರಜ್ಞ ಪ್ರಶಾಂತಚಂದ್ರ ಮಹಲಾನೋಬಿಸ್ ಅವರಂತಹ, ಮುಂದೆ ಯೋಜನೆಗಳನ್ನು ರೂಪಿಸುವ ಸ್ಥಾನಕ್ಕೆ ಬರಲಿದ್ದ ವಿದ್ವಾಂಸರ ಬೆಂಬಲ ಈ ವಿಚಾರಕ್ಕೆ ದೊರೆಯಿತು. ದಶಮಾಂಶ ನಾಣ್ಯಕ್ಕಾಗಿ 1946ರಲ್ಲಿ ಕೇಂದ್ರ ಶಾಸನಸಭೆಗೆ ಬಂದ ಮಸೂದೆ ಅಂಗೀಕಾರವಾಗದೆ ಬಿದ್ದುಹೋಯಿತು. ಪ್ರಯತ್ನ ಮಾತ್ರ ಬೀಳಲಿಲ್ಲ. 1947ರಲ್ಲಿ ಭಾರತೀಯ ಮಾನಕ ಸಂಸ್ಥೆ ಹುಟ್ಟಿದಾಗ ಅದರ ಮೊದಲ ನಿರ್ದೇಶಕರಾದ ಲಾಲ್‌ಚಂದ್ ವರ್ಮನ್ ಮೆಟ್ರಿಕ್ ಪದ್ಧತಿಯ ದೃಢ ಪಕ್ಷಪಾತಿಯಾಗಿದ್ದರು. ಅಂದರೆ ಎರಡು ದಶಕಗಳ ಕಾಲ ಹೊರಗಿನಿಂದ ಕೇಳುತ್ತಿದ್ದ ಮಾತನ್ನು ಈಗ ಸರ್ಕಾರದ ಒಳಗಿನಿಂದಲೇ ಆಡುವವರು ಇದ್ದರು. ಇಂತಹ ಚಳವಳಿಗೆ ಸಾವಿರ ಸದಸ್ಯರಿಗಿಂತ, ಮಾನಗಳನ್ನು ನಿಗದಿಪಡಿಸುವ ಕುರ್ಚಿಯಲ್ಲಿ ಕುಳಿತ ಒಬ್ಬ ಅಧಿಕಾರಿ ಹೆಚ್ಚು ಬೆಲೆಬಾಳುತ್ತಾನೆ ಎಂದರೆ ಪ್ರಜಾಪ್ರಭುತ್ವವಾದಿಗಳಿಗೆ ಹಿತವೆನಿಸಲಿಕ್ಕಿಲ್ಲ, ಆದರೆ ಅನುಭವ ಹೇಳುವುದು ಅದನ್ನೇ.

ಮುಂದಿನ ಕ್ರಮವನ್ನು ಗಮನಿಸಿ. 1955ರಲ್ಲಿ ನಾಣ್ಯ ಕಾಯ್ದೆಗೆ ತಿದ್ದುಪಡಿ. 1957ರ ಏಪ್ರಿಲ್ 1ರಿಂದ ರೂಪಾಯಿಗೆ ನೂರು ನಯಾ ಪೈಸೆ. 1956ರ ಡಿಸೆಂಬರ್‌ನಲ್ಲಿ ತೂಕ ಮತ್ತು ಅಳತೆಗಳ ಮಾನಕ ಕಾಯ್ದೆ. 1958ರ ಅಕ್ಟೋಬರ್ 1ರಿಂದ ಆಯ್ದ ಪ್ರದೇಶಗಳಲ್ಲಿ, ಆಯ್ದ ಉದ್ಯಮಗಳಲ್ಲಿ ಮೆಟ್ರಿಕ್ ತೂಕದ ಆರಂಭ. 1962ರ ಏಪ್ರಿಲ್ 1ರಿಂದ ಮೆಟ್ರಿಕ್ ತೂಕ ದೇಶವ್ಯಾಪಿ ಕಡ್ಡಾಯ. ಮೊದಲು ಹಣವನ್ನು ಬದಲಿಸಿದ್ದು ಆಕಸ್ಮಿಕವಲ್ಲ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ ಇರುವಾಗ ಕಿಲೋಗ್ರಾಂ ತಂದರೆ ಅರ್ಧ ಲಾಭ ಅಲ್ಲಿಯೇ ಸೋರಿಹೋಗುತ್ತದೆ. ತೂಕವೂ ಬೆಲೆಯೂ ಹತ್ತರ ಲೆಕ್ಕಕ್ಕೆ ಬಂದಾಗಲೇ ಗುಣಾಕಾರ ಸುಲಭವಾಗುವುದು.

ನಾಣ್ಯದ ಬದಲಾವಣೆ ನೋವಿಲ್ಲದೆ ಆಯಿತೆಂದು ಹೇಳಲಾರೆ. ನಾಲ್ಕಾಣೆಗೆ 25 ನಯಾ ಪೈಸೆ ಸರಿಯಾಗಿ ಹೊಂದುತ್ತದೆ. ಒಂದಾಣೆಗೆ ಲೆಕ್ಕದ ಪ್ರಕಾರ ಆರೂಕಾಲು ಬರಬೇಕು, ಕಾಲು ಪೈಸೆಯ ನಾಣ್ಯವೇ ಇಲ್ಲದ್ದರಿಂದ ಅದು ಆರಕ್ಕೆ ಇಳಿಯಿತು; ಎರಡಾಣೆಗೆ 12, ಮೂರಾಣೆಗೆ 19. ಒಂದೊಂದೇ ಆಣೆಯಂತೆ ಹದಿನಾರು ಸಲ ಕೊಟ್ಟು ಬದಲಿಸಿಕೊಂಡ ಬಡವನ ಕೈಗೆ ಬರುತ್ತಿದ್ದದ್ದು 96 ಪೈಸೆ. ರೂಪಾಯಿಗೆ ನಾಲ್ಕು ಪೈಸೆಯ ಈ ನಷ್ಟವನ್ನು ಅರ್ಥಶಾಸ್ತ್ರಜ್ಞರು ಅಲಕ್ಷಿಸಬಹುದು, ಆದರೆ ದಿನವೂ ಒಂದಾಣೆಯ ಎಲೆ ಅಡಿಕೆ ಕೊಳ್ಳುವವನು ಅಲಕ್ಷಿಸಲಾರ. ತೂಕದಲ್ಲಿಯೂ ಇದೇ ಬಗೆಯ ಸಂಶಯಕ್ಕೆ ಎಡೆಯಿತ್ತು. 80 ತೊಲದ ಸೇರು ಸುಮಾರು 933 ಗ್ರಾಂ. ಕಿಲೋ ಅದಕ್ಕಿಂತ ಸುಮಾರು ಶೇಕಡ 7ರಷ್ಟು ಹೆಚ್ಚು. ಆದ್ದರಿಂದ ಕಿಲೋದ ಬೆಲೆ ಸೇರಿನ ಬೆಲೆಗಿಂತ ಅಷ್ಟರ ಮಟ್ಟಿಗೆ ಏರುವುದು ನ್ಯಾಯವೇ, ಆದರೆ ಏರಿದ್ದು ಏಳೋ ಹತ್ತೋ ಎಂಬುದನ್ನು ಗಿರಾಕಿ ಅಂಗಡಿಯ ಮುಂದೆ ನಿಂತು ಲೆಕ್ಕ ಹಾಕಲಾರ. ಹೊಸ ಅಳತೆಯನ್ನು ವಿರೋಧಿಸುವವರಲ್ಲಿ ಬಹುಪಾಲು ಜನ ಹತ್ತರ ಲೆಕ್ಕಕ್ಕೆ ಹೆದರುವವರಲ್ಲ, ಬದಲಾವಣೆಯ ಗದ್ದಲದಲ್ಲಿ ತಮಗೆ ಮೋಸವಾದೀತೆಂದು ಹೆದರುವವರು. ಆ ಭಯ ನ್ಯಾಯವಾದದ್ದು. ಅದನ್ನು ಅಜ್ಞಾನವೆಂದು ಕರೆದ ದಿನವೇ ಚಳವಳಿ ಸೋಲುತ್ತದೆ.

ನಮ್ಮ ನಾಡಿಗೆ ಈ ಕಾಯ್ದೆ ಬಂದ ಗಳಿಗೆಯನ್ನೂ ನೆನೆಯಬೇಕು. 1956ರ ನವೆಂಬರ್ 1ರಂದು ಹಳೆಯ ಮೈಸೂರು, ಮುಂಬಯಿ ಪ್ರಾಂತ, ಮದ್ರಾಸು, ಹೈದರಾಬಾದು, ಕೊಡಗು ಎಂಬ ಐದು ಆಡಳಿತಗಳಿಂದ ಬಂದ ಕನ್ನಡ ಪ್ರದೇಶಗಳು ಒಂದಾದವು; ಎರಡು ತಿಂಗಳೊಳಗೆ ತೂಕದ ಕಾಯ್ದೆ ಬಂತು. ಮಣ ಎಂಬ ಒಂದೇ ಹೆಸರಿಗೆ ಮದ್ರಾಸಿನ ಕಡೆ 25 ಪೌಂಡು, ಮುಂಬಯಿಯ ಕಡೆ 28 ಪೌಂಡು, ರೈಲ್ವೆಯ ಲೆಕ್ಕದಲ್ಲಿ 82 ಪೌಂಡಿಗೂ ಮೇಲೆ. ಕಚ್ಚಾ ಸೇರು, ಪಕ್ಕಾ ಸೇರು, ಕಾಳಿಗೆ ಬಳ್ಳ ಕೊಳಗಗಳು, ಖಂಡುಗವಂತೂ ಊರಿಗೊಂದು. ಸಂತೆಯಿಂದ ಸಂತೆಗೆ ಮಾಲು ಸಾಗಿಸುವ ವರ್ತಕನಿಗೆ ಈ ವೈವಿಧ್ಯದಲ್ಲಿ ಲಾಭವಿತ್ತು, ರೈತನಿಗೆ ಇರಲಿಲ್ಲ. ಹೊಸ ರಾಜ್ಯಕ್ಕೆ ಯಾವ ಪ್ರಾಂತದ ಮಣವನ್ನು ಆರಿಸಿದರೂ ಉಳಿದವರಿಗೆ ಅಸಮಾಧಾನ ಆಗುತ್ತಿತ್ತು. ಯಾರದ್ದೂ ಅಲ್ಲದ ಕಿಲೋಗ್ರಾಂ ಆ ಜಗಳವನ್ನೇ ಹುಟ್ಟದಂತೆ ಮಾಡಿತು. ಮೆಟ್ರಿಕ್ ಪರ ವಾದಿಸುವವರು ಅದರ ವೈಜ್ಞಾನಿಕತೆಯನ್ನು ಮಾತ್ರ ಹೊಗಳುತ್ತಾರೆ. ನನ್ನ ದೃಷ್ಟಿಯಲ್ಲಿ ಭಾರತದಲ್ಲಿ ಅದರ ದೊಡ್ಡ ಗುಣವೆಂದರೆ ಅದು ಯಾವ ಪ್ರಾಂತದ್ದೂ ಆಗಿರದಿದ್ದದ್ದು.

ಈಗ ಅಮೆರಿಕಕ್ಕೆ ಬರೋಣ. ಅಲ್ಲಿ ಮೆಟ್ರಿಕ್ ಬಳಕೆ 1866ರಲ್ಲಿಯೇ ಕಾನೂನುಬದ್ಧವಾಯಿತು, 1875ರ ಮೀಟರ್ ಒಪ್ಪಂದಕ್ಕೆ ಸಹಿ ಹಾಕಿದ 17 ರಾಷ್ಟ್ರಗಳಲ್ಲಿ ಅದೂ ಒಂದು, 1893ರಿಂದ ಅಲ್ಲಿನ ಪೌಂಡು ಮತ್ತು ಗಜಗಳನ್ನು ಕಿಲೋಗ್ರಾಂ ಮೀಟರುಗಳ ಮೂಲಕವೇ ನಿರ್ವಚಿಸಲಾಗುತ್ತಿದೆ. ಪ್ರಚಾರಕರಿಗೂ ಕೊರತೆಯಿರಲಿಲ್ಲ. ಗ್ರಂಥಾಲಯಗಳ ದಶಮಾಂಶ ವರ್ಗೀಕರಣದಿಂದ ನಮಗೆಲ್ಲ ಪರಿಚಿತರಾದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಬಾಸ್ಟನ್ನಿನಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. 1916ರಲ್ಲಿ ಹುಟ್ಟಿದ ಮತ್ತೊಂದು ಸಂಘ ಇಂದಿಗೂ ಕೆಲಸ ಮಾಡುತ್ತಿದೆ. ವಿರೋಧಿಗಳಲ್ಲಿ ವಿಚಿತ್ರ ವ್ಯಕ್ತಿಗಳೂ ಇದ್ದರು: ರೈಲ್ವೆ ಎಂಜಿನಿಯರ್ ಚಾರ್ಲ್ಸ್ ಲ್ಯಾಟಿಮರ್ ಈಜಿಪ್ಟಿನ ಪಿರಮಿಡ್ಡಿನಲ್ಲಿ ದೈವದತ್ತವಾದ ಅಂಗುಲ ಅಡಗಿದೆಯೆಂದು ನಂಬಿ 1879ರಲ್ಲಿ ಸಂಸ್ಥೆಯನ್ನೇ ಸ್ಥಾಪಿಸಿದರು. ಇವರನ್ನು ಗೇಲಿಮಾಡುವುದು ಸುಲಭ. ನಿಜವಾದ ವಿರೋಧ ಬಂದದ್ದು ಯಂತ್ರ ತಯಾರಕರಿಂದ. ಲೇತುಗಳು, ಅಚ್ಚುಗಳು, ತಿರುಪುಗಳು, ನಕ್ಷೆಗಳು ಎಲ್ಲವೂ ಅಂಗುಲದಲ್ಲಿರುವಾಗ ಬದಲಾವಣೆಯ ಖರ್ಚು ಯಾರ ತಲೆಯ ಮೇಲೆ ಎಂಬ ಅವರ ಪ್ರಶ್ನೆಗೆ ಪ್ರಚಾರಕರ ಬಳಿ ಸರಿಯಾದ ಉತ್ತರವಿರಲಿಲ್ಲ.

ಕೊನೆಗೂ 1971ರಲ್ಲಿ ರಾಷ್ಟ್ರೀಯ ಮಾನಕ ಸಂಸ್ಥೆಯ ವರದಿ, ಹತ್ತು ವರ್ಷಗಳ ಯೋಜಿತ ಅವಧಿಯಲ್ಲಿ ಬದಲಾವಣೆ ಆಗಬೇಕೆಂದು ಶಿಫಾರಸು ಮಾಡಿತು. 1975ರ ಡಿಸೆಂಬರ್ 23ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಕಾಯ್ದೆಯಲ್ಲಿ ಆ ಹತ್ತು ವರ್ಷಗಳ ಗಡುವು ಕಾಣೆಯಾಗಿತ್ತು. ಬದಲಾವಣೆ ಸ್ವಯಂಪ್ರೇರಿತ, ಅದನ್ನು ಹೊಂದಿಸಲು 17 ಸದಸ್ಯರ ಮಂಡಳಿ, ಮಂಡಳಿಗೆ ಯಾರನ್ನೂ ಒತ್ತಾಯಿಸುವ ಅಧಿಕಾರವಿಲ್ಲ. 1977ರಲ್ಲಿ ಹೆದ್ದಾರಿ ಇಲಾಖೆ ರಸ್ತೆಫಲಕಗಳನ್ನು ಕಿಲೋಮೀಟರಿಗೆ ಬದಲಿಸಲು ಪ್ರಸ್ತಾಪಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಬಂದ ಪ್ರತಿಭಟನೆಯ ಪತ್ರಗಳಿಗೆ ಬೆದರಿ ಪ್ರಸ್ತಾಪವನ್ನೇ ಹಿಂತೆಗೆದುಕೊಂಡಿತು. ಸಂಸತ್ತಿನಿಂದ ತನಗೆ ಸ್ಪಷ್ಟ ಆದೇಶವಿಲ್ಲವೆಂದು ಮಂಡಳಿಯೇ ಹೇಳಿಕೊಳ್ಳುವ ಸ್ಥಿತಿ ಬಂತು, 1982ರಲ್ಲಿ ರೇಗನ್ ಸರ್ಕಾರ ಅದನ್ನು ಮುಚ್ಚಿತು.

ಇದೇ ವರ್ಷಗಳಲ್ಲಿ ಅದೇ ದೇಶದಲ್ಲಿ ಇನ್ನೊಂದು ಸಂಗತಿ ಯಾವ ಗದ್ದಲವೂ ಇಲ್ಲದೆ ನಡೆದುಹೋಯಿತು. 1979ರಿಂದ ದ್ರಾಕ್ಷಾರಸ, 1980ರಿಂದ ಇತರ ಮದ್ಯಗಳು ಮೆಟ್ರಿಕ್ ಗಾತ್ರದ ಬಾಟಲಿಗಳಲ್ಲಿಯೇ ಮಾರಾಟವಾಗಬೇಕೆಂಬ ನಿಯಮ ಬಂತು. ಗ್ಯಾಲನ್ನಿನ ಐದನೇ ಒಂದು ಭಾಗದ ಬಾಟಲಿ ಹೋಗಿ 750 ಮಿಲಿಲೀಟರಿನದು ಬಂತು. ಕುಡಿಯುವವರು ಯಾರೂ ಕುಡಿಯುವುದನ್ನು ಬಿಡಲಿಲ್ಲ. ರಸ್ತೆಫಲಕದ ವಿಷಯದಲ್ಲಿ ಕೋಟ್ಯಂತರ ಜನರ ಒಪ್ಪಿಗೆ ಕೇಳಿದರು, ಬಾಟಲಿಯ ವಿಷಯದಲ್ಲಿ ಕೆಲವೇ ತಯಾರಕರೊಡನೆ ಕುಳಿತು ಒಂದು ದಿನಾಂಕ ಗೊತ್ತುಮಾಡಿದರು. ಈ ಎರಡು ಘಟನೆಗಳನ್ನು ಒಟ್ಟಿಗೆ ಇಟ್ಟು ನೋಡಿದವನಿಗೆ ಚಳವಳಿ ಎಲ್ಲಿ ಒತ್ತಬೇಕೆಂಬುದು ತಾನಾಗಿ ತಿಳಿಯುತ್ತದೆ.

ಆಸ್ಟ್ರೇಲಿಯದ ಉದಾಹರಣೆ ಇದನ್ನು ಮತ್ತಷ್ಟು ಗಟ್ಟಿಮಾಡುತ್ತದೆ. 1970ರ ಕಾಯ್ದೆಯಂತೆ ರಚನೆಯಾದ ಮಂಡಳಿ ಉದ್ಯಮವಾರು ಸಮಿತಿಗಳನ್ನು ಮಾಡಿ, ಆಯಾ ಕಸುಬಿನವರೇ ತಮ್ಮ ಕ್ರಮವನ್ನೂ ಗಡುವನ್ನೂ ನಿರ್ಧರಿಸುವಂತೆ ಮಾಡಿತು. 1974ರ ಜುಲೈನಲ್ಲಿ ದೇಶದ ರಸ್ತೆಫಲಕಗಳು ಹೆಚ್ಚುಕಡಿಮೆ ಒಂದೇ ತಿಂಗಳಲ್ಲಿ ಬದಲಾದವು. ಕಟ್ಟಡ ಕಸುಬಿನವರು ಸೆಂಟಿಮೀಟರನ್ನು ಕೈಬಿಟ್ಟು ಎಲ್ಲ ನಕ್ಷೆಗಳನ್ನೂ ಮಿಲಿಮೀಟರಿನಲ್ಲಿಯೇ ಬರೆಯಲು ಒಪ್ಪಿದ್ದರಿಂದ ದಶಮಾಂಶ ಬಿಂದುವಿನ ಗೊಂದಲವೇ ಉಳಿಯಲಿಲ್ಲ. ಇಂತಹ ಉಪಾಯ ಹೊಳೆಯುವುದು ಗಾರೆ ಕೆಲಸದವರ, ಬಡಗಿಗಳ ನಡುವೆ ಕುಳಿತಾಗಲೇ ಹೊರತು ಭಾಷಣದ ವೇದಿಕೆಯ ಮೇಲಲ್ಲ. 1981ರಲ್ಲಿ, ಕೆಲಸ ಬಹುಪಾಲು ಮುಗಿದ ಮೇಲೆ, ಮಂಡಳಿಯನ್ನು ವಿಸರ್ಜಿಸಲಾಯಿತು. ಬ್ರಿಟನ್ನು 1965ರಲ್ಲಿಯೇ ಹೊರಟಿತ್ತು, ಆದರೆ ಅದರ ಮಂಡಳಿಯನ್ನು 1980ರಲ್ಲಿ ಕೆಲಸ ಅರ್ಧಕ್ಕಿರುವಾಗಲೇ ಮುಚ್ಚಿದ್ದರಿಂದ ರಸ್ತೆಯಲ್ಲಿ ಮೈಲಿ, ಅಂಗಡಿಯಲ್ಲಿ ಕಿಲೋ ಎಂಬ ಸ್ಥಿತಿ ಅಲ್ಲಿ ಇಂದಿಗೂ ಇದೆ. ಅಲ್ಲಿ 2022ರಲ್ಲಿ ಹಳೆಯ ಅಳತೆಗಳಿಗೆ ಹೆಚ್ಚು ಅವಕಾಶ ಕೊಡುವ ಬಗ್ಗೆ ಸರ್ಕಾರವೇ ಅಭಿಪ್ರಾಯ ಕೇಳಿದಾಗ ಒಂದು ಲಕ್ಷಕ್ಕೂ ಹೆಚ್ಚು ಉತ್ತರಗಳು ಬಂದು, ಅವುಗಳಲ್ಲಿ ಶೇಕಡ 98.7ರಷ್ಟು ವ್ಯಾಪಾರದಲ್ಲಿ ಮೆಟ್ರಿಕ್ ಇರಲೆಂದವು. ಬದಲಾವಣೆಗೆ ಮೊದಲು ಜನರನ್ನು ಕೇಳಿದರೆ ಹಳೆಯದೇ ಇರಲಿ ಎನ್ನುತ್ತಾರೆ. ಬದಲಾವಣೆ ನೆಲೆಗೊಂಡ ಮೇಲೆ ಕೇಳಿದರೆ ಅದೇ ಇರಲಿ ಎನ್ನುತ್ತಾರೆ.

ಇಲ್ಲಿ ಪ್ರಚಾರಕರ ಒಂದು ಅಭ್ಯಾಸದ ಬಗ್ಗೆ ನನ್ನ ತಕರಾರನ್ನು ಹೇಳಿಬಿಡುತ್ತೇನೆ. 1999ರಲ್ಲಿ ಮಂಗಳನ ಹವಾಮಾನ ನೌಕೆಯೊಂದನ್ನು ಅಮೆರಿಕ ಕಳೆದುಕೊಂಡದ್ದು, ಒಂದು ತಂಡ ಪೌಂಡಿನ ಲೆಕ್ಕದಲ್ಲಿ ಕೊಟ್ಟ ಬಲದ ಅಂಕಿಯನ್ನು ಇನ್ನೊಂದು ತಂಡ ನ್ಯೂಟನ್ನಿನದೆಂದು ತಿಳಿದದ್ದರಿಂದ. 1983ರಲ್ಲಿ ಕೆನಡಾದ ವಿಮಾನವೊಂದು ಆಕಾಶದಲ್ಲಿಯೇ ಇಂಧನ ಮುಗಿದು ಗಿಮ್ಲಿ ಎಂಬಲ್ಲಿ ತೇಲುತ್ತಾ ಇಳಿದದ್ದು, ಕಿಲೋಗ್ರಾಂ ಬೇಕಾದ ಲೆಕ್ಕದಲ್ಲಿ ಪೌಂಡಿನ ಗುಣಕ ಬಳಸಿದ್ದರಿಂದ. ಈ ಎರಡು ಕಥೆಗಳಿಲ್ಲದ ಮೆಟ್ರಿಕ್ ಭಾಷಣವೇ ಇಲ್ಲವೆನ್ನಬಹುದು. ಆದರೆ ಕೆನಡಾದ ಅವಘಡ ನಡೆದದ್ದು ಆ ದೇಶ ಮೆಟ್ರಿಕ್‌ಗೆ ಬದಲಾಗುತ್ತಿದ್ದ ಹೊತ್ತಿನಲ್ಲಿ. ಬದಲಾವಣೆಯನ್ನು ವಿರೋಧಿಸುವವನೂ ಅದೇ ಕಥೆಯನ್ನು ತನ್ನ ಪರವಾಗಿ ಹೇಳಬಲ್ಲ. ಈ ದುರಂತಗಳು ತೋರಿಸುವುದು ಹಳೆಯ ಪದ್ಧತಿ ಕೆಟ್ಟದ್ದೆಂದಲ್ಲ, ಎರಡು ಪದ್ಧತಿಗಳು ಜೊತೆಯಾಗಿ ಬಾಳುವುದು ಅಪಾಯವೆಂದು. ಅದರಿಂದ ಹೊರಡುವ ಬೇಡಿಕೆ, ಎರಡೂ ಜೊತೆಗಿರುವ ಅವಧಿಯನ್ನು ಆದಷ್ಟು ಕಿರಿದುಗೊಳಿಸಿ ಎಂಬುದು. ಹಳೆಯ ಅಂಕಿಯ ಪಕ್ಕದಲ್ಲಿ ಹೊಸದನ್ನು ಕಂಸದಲ್ಲಿ ಬರೆಯುವುದನ್ನು ಅನೇಕರು ಸೌಮ್ಯ ಮಾರ್ಗವೆನ್ನುತ್ತಾರೆ. ಅದು ಜನರನ್ನು ಹಳೆಯದನ್ನೇ ಓದುವಂತೆ ತರಬೇತುಗೊಳಿಸುತ್ತದೆ.

ನಮ್ಮಲ್ಲಿಯೇ ಇದಕ್ಕೆ ಸಾಕ್ಷಿಯಿದೆ. 2009ರ ಕಾನೂನುಬದ್ಧ ಮಾಪನ ಕಾಯ್ದೆಯ 11ನೆಯ ಪ್ರಕರಣದ ಪ್ರಕಾರ ಮಾನಕವಲ್ಲದ ಅಳತೆಯಲ್ಲಿ ಬೆಲೆ ಹೇಳುವುದಾಗಲಿ ಜಾಹೀರಾತು ಕೊಡುವುದಾಗಲಿ ಕೂಡದು. ಆದ್ದರಿಂದಲೇ ಟಿವಿಯ ಜಾಹೀರಾತುಗಳಲ್ಲಿ 108 ಸೆಂಟಿಮೀಟರ್ ಎಂದು ಬರೆದು ಪಕ್ಕದಲ್ಲಿ ಕಂಸದೊಳಗೆ 43 ಎಂದು ಯಾವ ಅಳತೆಯ ಹೆಸರೂ ಇಲ್ಲದೆ ಇಟ್ಟಿರುತ್ತಾರೆ. ಕೊಳ್ಳುವವರೆಲ್ಲ ಓದುವುದು ಕಂಸದೊಳಗಿನದನ್ನೇ. ಬೆಂಗಳೂರಿನ ನಿವೇಶನ ಇಂದಿಗೂ ಮೂವತ್ತು ನಲವತ್ತರದ್ದೇ. ಪಹಣಿಯಲ್ಲಿ ಎಕರೆ, ಗುಂಟೆ. 40 ಗುಂಟೆಗೆ ಒಂದು ಎಕರೆ, ಗುಂಟೆಯೆಂದರೆ 33 ಅಡಿಗೆ 33 ಅಡಿ, ಅದು ಬಂದದ್ದು ಬ್ರಿಟಿಷ್ ಮೋಜಣಿದಾರನ 66 ಅಡಿಯ ಸರಪಳಿಯಿಂದ. ಅದೇ ಹೊಲದ ಬೆಳೆಯನ್ನು ಕೃಷಿ ಇಲಾಖೆ ಹೆಕ್ಟೇರಿನಲ್ಲಿ ಲೆಕ್ಕ ಹಾಕುತ್ತದೆ. ನೆರೆಯ ಮಹಾರಾಷ್ಟ್ರದ ಪಹಣಿಯಾದ ಸಾತ್‌ಬಾರಾ ಉತಾರೆಯಲ್ಲಿ ಹೆಕ್ಟೇರ್ ಮತ್ತು ಆರ್ (ನೂರು ಚದರ ಮೀಟರ್) ಅಳತೆಗಳಿವೆ, ಅಲ್ಲಿನ ರೈತ ಅದರಿಂದ ಭೂಮಿಯನ್ನೇನೂ ಕಳೆದುಕೊಂಡಿಲ್ಲ. ಆದರೂ ನಾನು ಪಹಣಿಯಿಂದ ಆರಂಭಿಸಿ ಎಂದು ಯಾವ ಸಂಘಟನೆಗೂ ಸಲಹೆ ಕೊಡಲಾರೆ. ಗಡಿ ತಕರಾರಿನಲ್ಲಿ ಅರ್ಧ ಗುಂಟೆಗಾಗಿ ತಲೆಮಾರುಗಟ್ಟಲೆ ನ್ಯಾಯಾಲಯಕ್ಕೆ ಅಲೆಯುವ ಕುಟುಂಬದ ಮುಂದೆ ಅಂಕಿಯನ್ನು ಹತ್ತಿರದ ಪೂರ್ಣಸಂಖ್ಯೆಗೆ ಹೊಂದಿಸುವ ಮಾತಾಡುವುದು ಬೆಂಕಿಯೊಡನೆ ಆಡಿದಂತೆ.

ಆರಂಭಿಸಬಹುದಾದ ಜಾಗ ಜಲಾಶಯಗಳದ್ದು ಎಂದು ನನಗನ್ನಿಸುತ್ತದೆ. ನಮ್ಮ ಪತ್ರಿಕೆಗಳಲ್ಲಿ ಮಳೆ ಮಿಲಿಮೀಟರಿನಲ್ಲಿ ಬರುತ್ತದೆ, ಜಲಾನಯನ ಪ್ರದೇಶ ಚದರ ಕಿಲೋಮೀಟರಿನಲ್ಲಿ, ಅಣೆಕಟ್ಟಿನ ಮಟ್ಟ ಅಡಿಯಲ್ಲಿ, ಒಳಹರಿವು ಕ್ಯೂಸೆಕ್‌ನಲ್ಲಿ (ಸೆಕೆಂಡಿಗೆ ಒಂದು ಘನ ಅಡಿ), ಸಂಗ್ರಹ ಟಿಎಂಸಿಯಲ್ಲಿ (ಶತಕೋಟಿ ಘನ ಅಡಿ). ಕೃಷ್ಣರಾಜಸಾಗರದ ಗರಿಷ್ಠ ಮಟ್ಟ 124.80 ಅಡಿ, ಸಾಮರ್ಥ್ಯ 49.45 ಟಿಎಂಸಿ ಎಂಬುದು ಮಂಡ್ಯದ ಮಕ್ಕಳಿಗೂ ಗೊತ್ತು. ಅದನ್ನೇ ಮೆಟ್ರಿಕ್‌ಗೆ ತಂದರೆ ಸುಮಾರು 1,400 ದಶಲಕ್ಷ ಘನ ಮೀಟರ್. ಒಂದು ಚದರ ಕಿಲೋಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಸಾವಿರ ಘನ ಮೀಟರ್ ನೀರು. ಸುಮಾರು 10,600 ಚದರ ಕಿಲೋಮೀಟರಿನ ಆ ಜಲಾನಯನದಲ್ಲಿ ಸರಾಸರಿ 10 ಮಿಲಿಮೀಟರ್ ಮಳೆಯಾದರೆ 106 ದಶಲಕ್ಷ ಘನ ಮೀಟರ್ ಬಿದ್ದಂತಾಯಿತು. ಅದರ ಕಾಲು ಭಾಗ ಕಟ್ಟೆಗೆ ಹರಿದು ಬಂದರೆ ಎಷ್ಟು ತುಂಬಿತೆಂದು ಹೈಸ್ಕೂಲಿನ ಹುಡುಗಿ ಬಾಯಿಲೆಕ್ಕದಲ್ಲಿ ಹೇಳಬಲ್ಲಳು. ಟಿಎಂಸಿಯಲ್ಲಿ ಇದನ್ನು ಮಾಡಲು 28.3ರಿಂದ ಭಾಗಿಸಬೇಕು, ಕ್ಯೂಸೆಕ್‌ನಿಂದ ಬಂದರೆ, ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ ಎಂಬ ಅಂಕಿಯನ್ನು ಬಾಯಿಪಾಠ ಮಾಡಿರಬೇಕು. ಕೇಂದ್ರ ಜಲ ಆಯೋಗ ತನ್ನ ಜಲಾಶಯ ಪ್ರಕಟಣೆಗಳಲ್ಲಿ ಶತಕೋಟಿ ಘನ ಮೀಟರನ್ನೇ ಬಳಸುತ್ತಿರುವುದರಿಂದ ಹೊಸ ಅಳತೆಯನ್ನು ಯಾರೂ ಕಂಡುಹಿಡಿಯಬೇಕಾಗಿಯೂ ಇಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ನನಗೆ ಗೊತ್ತು, ಅದು ಮೋಸದ ಭಯವೇ. ಕಾವೇರಿ ನೀರಿನ ಬಗ್ಗೆ 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ವರ್ಷಕ್ಕೆ 177.25 ಟಿಎಂಸಿ ಹರಿಯಬೇಕು. ಅದು 5,019 ದಶಲಕ್ಷ ಘನ ಮೀಟರ್. ಯಾರಾದರೂ ಸುಲಭವಾಗಲೆಂದು 5,000 ಎಂದು ಬರೆದರೆ ಮೂರನೇ ಎರಡು ಭಾಗ ಟಿಎಂಸಿಯಷ್ಟು ನೀರು ಕಾಗದದ ಮೇಲೆಯೇ ಆವಿಯಾಗುತ್ತದೆ, ಎರಡೂ ರಾಜ್ಯಗಳಲ್ಲಿ ಅದಕ್ಕಾಗಿ ಬಸ್ಸುಗಳು ನಿಲ್ಲುತ್ತವೆ. ಆದ್ದರಿಂದ ಬೇಡಿಕೆಯಲ್ಲಿ ತೀರ್ಪಿನ ಅಂಕಿಗಳನ್ನು ಮುಟ್ಟುವ ಮಾತೇ ಇರಕೂಡದು. ಕೇಳಬೇಕಾದದ್ದು ದೈನಂದಿನ ಮಟ್ಟ, ಒಳಹರಿವು, ಸಂಗ್ರಹಗಳ ಪ್ರಕಟಣೆಯನ್ನು ಮಾತ್ರ. ಅದನ್ನು ಸಿದ್ಧಪಡಿಸುವವರು ಜಲಸಂಪನ್ಮೂಲ ಇಲಾಖೆಯ ಕೆಲವೇ ಎಂಜಿನಿಯರುಗಳು, ಅಚ್ಚುಹಾಕುವವರು ಕೆಲವೇ ಪತ್ರಿಕೆಗಳ ಜಿಲ್ಲಾ ವಿಭಾಗಗಳು; ಊರೂರು ಸುತ್ತಿ ಸಹಿ ಸಂಗ್ರಹಿಸುವ ಮೊದಲು ಈ ಎರಡು ಕಡೆಯವರನ್ನು ಒಂದು ಮೇಜಿನ ಸುತ್ತ ಕೂರಿಸಬೇಕು. ಕಾವೇರಿಯ ಜಲವರ್ಷ ಜೂನ್ 1ರಂದು ಆರಂಭವಾಗುತ್ತದೆ. ಮನವಿಯಲ್ಲಿ ಮುಂದಿನ ಜೂನ್ 1 ಎಂಬ ದಿನಾಂಕವೂ, ಹಳೆಯ ಅಂಕಿಗಳು ಆ ಜಲವರ್ಷ ಮುಗಿಯುವ ಮೇ 31ರವರೆಗಿನ ಒಂದು ಋತುವಿಗೆ ಮಾತ್ರ ಜೊತೆಯಲ್ಲಿ ಮುದ್ರಣವಾಗಬೇಕೆಂಬ ಷರತ್ತೂ, ಅಡಿಯಿಂದ ಮೀಟರಿಗೆ ಪ್ರತಿ ಜಲಾಶಯದ ಪರಿವರ್ತನಾ ಕೋಷ್ಟಕವೂ ಇರಬೇಕು; ಆ ಕೋಷ್ಟಕವನ್ನು ಮನವಿ ಕೊಡುವವರೇ ತಯಾರಿಸಿ, ಎಂಜಿನಿಯರುಗಳಿಂದ ಪರಿಶೀಲಿಸಿಕೊಂಡು, ಜೊತೆಯಲ್ಲಿ ಲಗತ್ತಿಸಿರಬೇಕು.